ಹಂಚು ಕೊಟ್ಟವಳ ಮೇಲಿನ ಹೊಟ್ಟೆಕಿಚ್ಚು

೯ ನವೆಂಬರ್, ಭಾನುವಾರ. ಬೆಳಿಗ್ಗೆ ಆರು ಐವತ್ತಕ್ಕೆ ಬರೆಯಲು ಕುಳಿತೆ.

ಅವಳ ಎರಡು ಅಂಗೈಗಳು ಇಬ್ಬರು ಬೇರೆ ಬೇರೆ ಹೆಂಗಸರವು ಎನ್ನುವ ಹಾಗಿದ್ದವು. ಬಲಗೈ ರೊಟ್ಟಿ ಬಡಿದು ಬಡಿದು ಕೆಂಪಾಗಿ, ಗಟ್ಟಿಯಾಗಿತ್ತು. ಎಡಗೈ ಮಾತ್ರ ಮಗುವಿನ ಕೈಯಂತೆ ಮೆತ್ತಗೆ. ದಿನಾ ಬೆಳಿಗ್ಗೆ ಆ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಬಿಟಿಎಂ ಲೇಔಟಿನ ನಮ್ಮ ಬಾಡಿಗೆ ಮನೆಯಲ್ಲಿ, ವಾಷಿಂಗ್ ಮಷೀನಿಗೂ ಚಪ್ಪಲಿ ಸ್ಟ್ಯಾಂಡಿಗೂ ನಡುವೆ ಉಳಿದಿದ್ದ ಜಾಗದಲ್ಲಿ ಕೂತು ಪೂಜೆ ಮಾಡುತ್ತಿದ್ದಳು. ಮಷೀನು ಗಡಗಡ ನಡುಗುತ್ತಿದ್ದರೂ ಅವಳ ಕಣ್ಣು ಅಂಗೈ ಬಿಟ್ಟು ಕದಲುತ್ತಿರಲಿಲ್ಲ. ಪೂಜೆ ಮುಗಿಯುವವರೆಗೆ ಒಂದು ಗುಟುಕು ನೀರೂ ಇಲ್ಲ.

ಆ ಮನೆಯಲ್ಲಿ ನಾವು ಮೂವರಿದ್ದೆವು. ವಿಜಯಪುರದ ಕಡೆಯಿಂದ ಬಂದು ಜಯನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಈ ಅಕ್ಕ, ಮಂಗಳೂರಿನ ಹುಡುಗಿ, ಮತ್ತು ನಾನು. ನಾನೂ ಅಕ್ಕನ ಹಾಗೆ ಲಿಂಗ ಕಟ್ಟುವ ಮನೆಯವಳೇ. ಬೆಂಗಳೂರಿಗೆ ಬಂದ ತಿಂಗಳೊಳಗೆ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ತೆಗೆದು ಬ್ಯಾಗಿನಲ್ಲಿಟ್ಟಿದ್ದೆ. ಯಾರೂ ತೆಗೆ ಎಂದಿರಲಿಲ್ಲ. ಮಂಗಳೂರಿನವಳು ಭಾನುವಾರ ಮೀನು, ಉಳಿದ ದಿನ ಮೊಟ್ಟೆ ಮಾಡಿಕೊಳ್ಳುವಳು. ಅವಳ ಜೊತೆ ಕೂತು ನಾನೂ ಮೊಟ್ಟೆ ತಿನ್ನಲು ಶುರುಮಾಡಿದೆ. ಅವಳೆಂದರೆ ನನಗೆ ಅಷ್ಟು ಇಷ್ಟ. ಅವಳಿಗೆ ಆಪ್ತಳಾಗಬೇಕು ಎನ್ನುವುದೊಂದೇ ನನ್ನ ಆಸೆಯಾಗಿತ್ತು.

ಅಕ್ಕನಿಗೆ ಅಂಥ ಯಾವ ತಾಪತ್ರಯವೂ ಇರಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಾತ್‌ರೂಮು ಹಿಡಿಯುವಳು, ಮಲಗಿದರೆ ಗೊರಕೆ ಹೊಡೆಯುವಳು. ಹಣೆ ತುಂಬ ವಿಭೂತಿ ಬಳಿದುಕೊಂಡೇ ಬಸ್ ಹತ್ತುವಳು. ಅಂಗಡಿಯಲ್ಲಿ ಗಿರಾಕಿಗಳಿಗೆ, "ಸರ್, ಈ ಫ್ರೇಮ್ ನಿಮ್ಮ ಮಾರಿಗೆ ಒಪ್ಪೂದಿಲ್ಲ, ಬ್ಯಾರೆ ನೋಡ್ರಿ" ಎಂದು ತನ್ನ ಭಾಷೆಯಲ್ಲೇ ಹೇಳುವಳಂತೆ. ಆದರೂ ಜನ ಅವಳನ್ನೇ ಕೇಳಿಕೊಂಡು ಬರುತ್ತಿದ್ದರಂತೆ. ನಾನೋ, ಊರಿನ ಮಾತು ನಾಲಿಗೆಗೆ ಬರದಂತೆ ಕಾಯುತ್ತಾ ಆಫೀಸಿನಲ್ಲಿ ಅರ್ಧ ಸುಸ್ತಾಗುತ್ತಿದ್ದೆ. ಯಾರ ತಟ್ಟೆಯಲ್ಲಿ ಏನಿದೆ ಎಂಬ ಮಾತು ಬಂದಾಗಲೆಲ್ಲ ಅವಳದು ಒಂದೇ ಮಾತು: "ಅವರವರ ಹೊಟ್ಟಿ, ಅವರವರ ರೊಟ್ಟಿ."

ಹಂಚಿನ ಪ್ರಸಂಗ ನಡೆದದ್ದು ಮಾರ್ಚ್ ೧೬, ಭಾನುವಾರ. ಅಕ್ಕ ಊರಿಂದ ತಂದಿದ್ದ ಕಬ್ಬಿಣದ ಹಂಚು ರೊಟ್ಟಿಗಷ್ಟೇ ಮೀಸಲು. ಅಂದು ಅವಳು ತರಕಾರಿ ತರಲು ಹೋಗಿದ್ದಳು. ಮಂಗಳೂರಿನವಳ ಬಾಣಲೆಯ ಹಿಡಿ ಮುರಿದಿತ್ತು, ಅವಳು ಅಕ್ಕನ ಹಂಚಿನ ಮೇಲೆ ಬಂಗುಡೆ ಹುರಿಯಲು ಇಟ್ಟಳು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೀನು ಚುಂಯ್ ಎನ್ನುತ್ತಿತ್ತು, ಅಕ್ಕ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಳು. ಇವತ್ತು ಇದೆ ಹಬ್ಬ ಎಂದು ನನ್ನ ಮನಸ್ಸು ಒಳಗೇ ಕುಣಿಯಿತು.

"ಛಲೋ ಕೆಂಪಗ ಆಗ್ಯಾವಲ್ಲ ಮೀನು," ಅಂದಳು ಅಕ್ಕ.

"ಹೌದಕ್ಕ, ನಿಮ್ಮ ಕಾವಲಿ ಸೂಪರ್ ಉಂಟು ಮಾರಾಯ್ರೆ!"

"ಹಂಗಾರ ನೀನಽ ಇಟ್ಕೊ. ನಾ ಇನ್ನ ಅದರಾಗ ರೊಟ್ಟಿ ಬೇಯ್ಸೂದಿಲ್ಲ. ಸಿಟ್ಟಲ್ಲ ತಂಗಿ, ನಮ್ಮ ಪದ್ಧತಿ ಹಂಗದ."

"ಅಯ್ಯೋ ದೇವರೇ, ನನಗೆ ಗೊತ್ತೇ ಇರ್ಲಿಲ್ಲ ಅಕ್ಕ!"

"ಗೊತ್ತಿರಲಿಲ್ಲ ಅಂತ ನನಗ ಗೊತ್ತದ. ಮೀನು ಹೊತ್ತತಾವ ನೋಡು, ಹೊರಳ್ಸು."

ಅಷ್ಟೇ. ಸಂಜೆ ಅಕ್ಕ ಹೊಸ ಹಂಚು ತಂದಳು. ಹೊಸ ಹಂಚು ಪಳಗುವ ತನಕ ರೊಟ್ಟಿ ಅಂಟಿಕೊಂಡು ಹರಿಯುತ್ತಿತ್ತು. ಆ ಹರಕು ರೊಟ್ಟಿಗಳನ್ನೇ ತಿನ್ನುತ್ತಾ ಅವಳು ಒಂದು ದಿನವೂ ಗೊಣಗಲಿಲ್ಲ. ಅಪರಾಧ ಮಾಡಿದವಳ ಹಾಗೆ ಪಕ್ಕದಲ್ಲಿ ನಿಲ್ಲುತ್ತಿದ್ದ ಮಂಗಳೂರಿನವಳು ಮೊದಲು ಹಿಟ್ಟು ನಾದಿದಳು, ಆಮೇಲೆ ಬಡಿಯಲು ಕಲಿತಳು. ಅಡುಗೆಮನೆಯಿಂದ ಇಬ್ಬರ ನಗು ಕೇಳಿಸುತ್ತಿತ್ತು. "ಇದೇನ ರೊಟ್ಟಿನೋ, ಶ್ರೀಲಂಕಾ ನಕಾಶೆನೋ?" ಎಂದು ಅಕ್ಕ ಛೇಡಿಸುವಳು. ನಾನು ಹಾಲ್‌ನಲ್ಲಿ ನನ್ನ ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದೆ. ಡೈರಿಯ ಹಿಂದಿನ ಪುಟದಲ್ಲಿ ಎರಡು ಕಾಲಂ ಎಳೆದೆ: ಅವಳು ಟೀ ಕುಡಿಯಲು ಅಕ್ಕನನ್ನು ಕರೆದದ್ದು, ನನ್ನನ್ನು ಕರೆದದ್ದು. ಏಪ್ರಿಲ್ ಮುಗಿಯುವ ಹೊತ್ತಿಗೆ ಅಕ್ಕನ ಗೀಟುಗಳು ಪುಟದ ತುದಿ ಮುಟ್ಟಿದ್ದವು.

ಮೇ ತಿಂಗಳಲ್ಲಿ ಕೆಳಗಿನ ಮನೆಯ ಓನರ್ ಆಂಟಿ ಮೂಗಿಗೆ ಸೆರಗು ಹಿಡಿದು ಮೇಲೆ ಬಂದರು. ಮಂಗಳೂರಿನವಳು ಮೀನು ಹುರಿದಿಟ್ಟು ಸ್ನಾನಕ್ಕೆ ಹೋಗಿದ್ದಳು.

"ಏನ್ರಮ್ಮಾ ಇದು ವಾಸ್ನೆ? ನೀವಿಬ್ರೂ ಲಿಂಗಾಯತ್ರು, ಹೆಂಗ್ ತಡ್ಕೊಂಡಿದೀರ? ಒಂದ್ ಮಾತು ಹೇಳಿ, ಆ ಹುಡ್ಗೀನ ನಾಳೇನೇ ಖಾಲಿ ಮಾಡಿಸ್ತೀನಿ."

ನಾನು ಥಟ್ಟನೆ, "ವಾಸ್ನೆನಾ? ನಂಗೇನೂ ಬರ್ತಿಲ್ವಲ್ಲ ಆಂಟಿ," ಅಂದೆ.

ಅಕ್ಕ ಅಂದಳು, "ನನಗ ಬರ್ತದ್ರಿ ಆಂಟಿ. ಭಾಳ ಬರ್ತದ. ಅಕಿ ಹುರಿಯೂ ಮುಂದ ನಾ ಟೆರೇಸಿಗೆ ಹೋಗ್ತೀನಿ, ಕಿಡಕಿ ತಗದ್ರ ಹೋಗ್ತದ. ಅಕಿ ಊಟ ಅಕಿ ಮಾಡ್ತಾಳ, ಬಾಡಿಗಿ ನಮ್ಮಂಗ ಕೊಡ್ತಾಳ. ಯಾಕ ಬಿಡಸ್ತೀರಿ? ಬಿಡ್ರಿ, ರೊಟ್ಟಿ ಬಿಸಿ ಅದಾವ, ಒಂದ್ ತಿಂದು ಹೋಗ್ರಿ."

ಆಂಟಿ ಗೊಣಗುತ್ತಲೇ ಒಂದು ತಿಂದು, ಇನ್ನೊಂದು ಕೈಯಲ್ಲಿ ಹಿಡಿದು ಇಳಿದು ಹೋದರು. ಎಲ್ಲವನ್ನೂ ಬಾಗಿಲ ಹಿಂದಿನಿಂದ ಕೇಳಿಸಿಕೊಂಡಿದ್ದ ಹುಡುಗಿ ಒದ್ದೆ ತಲೆಯಲ್ಲೇ ಹೊರಬಂದು ಅಕ್ಕನನ್ನು ತಬ್ಬಿಕೊಂಡಳು. ನನ್ನ ಕಡೆ ತಿರುಗಿ, "ನಿನ್ನ ಮೂಗಿಗೆ ಎಂತ ಆಗಿದೆ ಮಾರಾಯ್ತಿ, ಪೂರಾ ಬೀದಿಗೆ ಬರ್ತಾ ಉಂಟು!" ಎಂದು ನಕ್ಕಳು. ಅವಳಿಗಾಗಿ ಸುಳ್ಳು ಹೇಳಿದ್ದು ನಾನು. ಅಪ್ಪುಗೆ ಸಿಕ್ಕಿದ್ದು ನಿಜ ಹೇಳಿದವಳಿಗೆ.

ಸೆಪ್ಟೆಂಬರಿನಲ್ಲಿ ಆಂಟಿ ತಮ್ಮ ಮಗನಿಗೆಂದು ಮನೆ ಬಿಡಿಸಿದರು. ಮಂಗಳೂರಿನವಳಿಗೆ ಅರೆಕೆರೆಯಲ್ಲಿ ಇಬ್ಬರಿಗೆ ಸಾಲುವ ಒಂದು ಮನೆ ಸಿಕ್ಕಿತು. ಕರೆಯುವುದು ನನ್ನನ್ನೇ ಎಂದು ಒಂದು ವಾರ ಕಾದೆ. ಅವಳು ಅಕ್ಕನನ್ನು ಕರೆದಳು. ತಡೆಯಲಾರದೆ ಯಾಕೆ ಎಂದು ಕೇಳಿಯೇಬಿಟ್ಟೆ.

"ಬೇಜಾರು ಮಾಡ್ಬೇಡ, ನೀನು ಒಳ್ಳೆಯವಳೇ. ಆದ್ರೆ ನಿನಗೆ ಎಂತ ಬೇಕು ಅಂತ ನನಗೆ ಗೊತ್ತೇ ಆಗುದಿಲ್ಲ. ಎಲ್ಲದಕ್ಕೂ ಹೂಂ ಅಂತಿ. ಅಕ್ಕ ಬೇಡ ಅಂದ್ರೆ ಬೇಡ. ಅವ್ರ ಜೊತೆ ನನಗೆ ಹೆದರಿಕೆ ಇಲ್ಲ."

ಸಾಮಾನು ಕಟ್ಟುವ ದಿನ ಅಕ್ಕ ತನ್ನ ಹಂಚನ್ನು ಹಳೇ ಸೀರೆಯಲ್ಲಿ ಸುತ್ತುತ್ತಾ ನನ್ನನ್ನು ಕರೆದಳು.

"ತಂಗಿ, ತತ್ತಿ ತಿನ್ನೂ ಮುಂದ ನೀ ಉಸರು ಹಿಡೀತಿ. ದಿನಾ ನೋಡೀನಿ. ಯಾರ ಸಂಬಂಧ ತಿಂತಿ?"

"ಮೊಟ್ಟೆ ತಾನೇ, ಅಭ್ಯಾಸ ಆಗುತ್ತೆ ಅಕ್ಕ."

"ವರ್ಷ ಆತು, ಆಗ್ಲಿಲ್ಲಲ್ಲ. ಸೇರಿದ್ರ ತಿನ್ನು, ನಾ ಯಾಕ ಬ್ಯಾಡ ಅನ್ಲಿ? ಸೇರ್ಲಿಲ್ಲಂದ್ರ ಬಿಡು. ಅಕಿ ಏನ್ ನಿನ್ನ ತತ್ತಿ ನೋಡಿ ಗೆಳೆತನ ಮಾಡ್ತಾಳೇನು?"

ಅಷ್ಟು ದಿನ ನನ್ನನ್ನು ಗಮನಿಸಿದ್ದವಳು ಇವಳೊಬ್ಬಳೇ ಎಂದು ತಿಳಿದು ನನಗೆ ಇನ್ನಷ್ಟು ಉರಿಯಿತು.

ಈಗ ನಾನು ಕುಮಾರಸ್ವಾಮಿ ಲೇಔಟಿನಲ್ಲಿದ್ದೇನೆ. ಹೊಸ ರೂಮಿನ ಜೊತೆಗಾತಿ ಮೊದಲ ಬೆಳಿಗ್ಗೆಯೇ, "ಆಮ್ಲೆಟ್ ನಿಂಗೂ ಒಂದು ಹಾಕ್ಲಾ?" ಎಂದು ಕೇಳಿದಳು. ಹೂಂ ಎನ್ನಲು ಬಾಯಿ ತೆರೆದಿದ್ದೆ. "ಬೇಡ, ನಂಗೆ ಸೇರಲ್ಲ. ನೀನು ಹಾಕ್ಕೊ, ನಾನು ಬಾಲ್ಕನಿಲಿರ್ತೀನಿ," ಅಂದೆ. ಅವಳು "ಸರಿ" ಎಂದು ಬಾಣಲೆ ಇಟ್ಟಳು. ಅಷ್ಟೇ. ಬಾಲ್ಕನಿಯಲ್ಲಿ ನಿಂತಾಗ ನನ್ನ ಉಸಿರು ಸರಾಗವಾಗಿ ಆಡುತ್ತಿತ್ತು. ಆಮೇಲೆ ಅವಳು ಒಳಗಿನಿಂದಲೇ ಕೂಗಿದಳು, "ಟೀ ಕುಡಿಯೋಣ ಬಾರೇ!" ಕರಡಿಗೆ ಇನ್ನೂ ಬ್ಯಾಗಿನಲ್ಲೇ ಇದೆ, ಅದು ಬೇರೆ ಮಾತು.

ಈ ಋಣ ಅಕ್ಕನದು, ಒಪ್ಪುತ್ತೇನೆ. ಆದರೂ ಭಾನುವಾರ ಬಂದರೆ ಅರೆಕೆರೆಯ ಆ ಅಡುಗೆಮನೆಯಲ್ಲಿ ಒಂದೇ ಒಲೆಯ ಮೇಲೆ ಎರಡು ಹಂಚುಗಳು ಅಕ್ಕಪಕ್ಕ ಕಾಯುತ್ತಿರುವುದು ಕಣ್ಣಿಗೆ ಕಟ್ಟುತ್ತದೆ, ಹೊಟ್ಟೆಯೊಳಗೆ ಮೂರನೆಯದೊಂದು ಕಾಯುತ್ತದೆ. ವಿಜಯಪುರದಲ್ಲಾಗಲಿ ಜಯನಗರದಲ್ಲಾಗಲಿ ಅವಳನ್ನು ಬಲ್ಲವರು ಇದನ್ನು ಓದಿದರೆ ನನಗೆ ದಯವಿಟ್ಟು ಬರೆಯಿರಿ. ಅವಳು ಎಂದಾದರೂ ಇನ್ನೊಬ್ಬರನ್ನು ನೋಡಿ ಹೊಟ್ಟೆ ಉರಿದುಕೊಂಡದ್ದನ್ನು ನೀವು ಕಂಡಿದ್ದೀರಾ? ಒಂದೇ ಒಂದು ಸಲ ಕಂಡಿದ್ದರೂ ಸಾಕು.