ಡಾಕ್ಟರ್‌ಬಾಯಿ ‘ರೀ’ ಹಚ್ಚಿದರೆ

ಡಾಕ್ಟರ್‌ಬಾಯಿ ಬೈಯುವುದು ಮೆಟ್ಟಿಲ ಮೇಲೆಯೇ ಕೇಳಿಸುತ್ತಿತ್ತು. ಮುಂಬಯಿಯ ಭಾಂಡುಪ್ ಸ್ಟೇಷನ್ ಹತ್ತಿರ ಕರಿದ ತಿಂಡಿಯ, ಫರಸಾಣದ ಅಂಗಡಿ, ಅದರ ಮೇಲಿನ ಮಹಡಿಯಲ್ಲಿ ಅವರ ಸೋನೋಗ್ರಫಿ ಕ್ಲಿನಿಕ್. ಕೆಳಗೆ ಗಾಠಿಯಾ ಕರಿಯುವ ಸದ್ದು, ಮೇಲೆ ಇವರ ಸದ್ದು. ಮರಾಠಿಯವರಿಗೆ ಮರಾಠಿಯಲ್ಲಿ, ಹಿಂದಿಯವರಿಗೆ ಹಿಂದಿಯಲ್ಲಿ, ನಮ್ಮಂಥವರಿಗೆ ಧಾರವಾಡದ ಕನ್ನಡದಲ್ಲಿ ಬೈಯುತ್ತಿದ್ದರು. ಮೂರರಲ್ಲೂ ಏಕವಚನ.

ಅವರಿಗೆ ಸಿಟ್ಟು ರೋಗದ ಮೇಲಲ್ಲ, ನಾಚಿಕೆಯ ಮೇಲೆ. ಹೆಂಗಸರು ಬಂದು ‘ಅಲ್ಲಿ ತ್ರಾಸು’ ಎನ್ನುತ್ತಿದ್ದರು.

“ಅಲ್ಲಿ ಅಂದ್ರ ಎಲ್ಲಿ? ಕಲ್ಯಾಣದಾಗೋ, ಕರ್ಜತ್‌ದಾಗೋ? ಚೀಲದ ಬಾಯಿ ಅನ್ನು. ನಿಂದ ಅದು, ಕದ್ದು ತಂದದ್ದಲ್ಲ.”

ನಮ್ಮ ಕಡೆ ಗರ್ಭಕೋಶಕ್ಕೆ ಚೀಲ ಎನ್ನುತ್ತಾರೆ. ಚೀಲವೆಂದ ಮೇಲೆ ಅದನ್ನು ಖಾಲಿ ಮಾಡಿ ಎಸೆಯುವುದೂ ಸುಲಭ. ನಮ್ಮ ವೈನಿಯ, ಅಂದರೆ ಅಣ್ಣನ ಹೆಂಡತಿಯ ವಿಷಯದಲ್ಲಿ ಆಗಿದ್ದು ಅದೇ. ಬೈಕುಲ್ಲಾದಲ್ಲಿ ಅಣ್ಣನ ಮನೆಯ ಫ್ಯಾಮಿಲಿ ಡಾಕ್ಟರು ಪರೀಕ್ಷೆ ಮಾಡಿ, ಚೀಲದ ಬಾಯಿಯ ಮೇಲೆ ಗಂಟುಗಳಿವೆ, ಮುಂದೆ ಕ್ಯಾನ್ಸರ್ ಆದೀತು, ಮಕ್ಕಳಾಗಿವೆಯಲ್ಲ, ತೆಗೆಸಿಬಿಡಿ ಎಂದರು. ಅಣ್ಣ ಆಪರೇಷನ್ನಿಗೆ ತಾರೀಖು ಗೊತ್ತು ಮಾಡಿಕೊಂಡು ಬಂದ. ಹಳೆಯ ಫ್ರಿಜ್ ಹೊರಹಾಕುವಾಗ ನಡೆದಷ್ಟು ಚರ್ಚೆಯೂ ಆ ಮನೆಯಲ್ಲಿ ನಡೆಯಲಿಲ್ಲ. ಒಮ್ಮೆ ಸೋನೋಗ್ರಫಿ ಆಗಲಿ ಎಂದು ನಾನು ಹಟ ಹಿಡಿದೆ.

ವೈನಿ ಬೈಕುಲ್ಲಾದಿಂದ ಬಾಟಲಿಗಟ್ಟಲೆ ನೀರು ಕುಡಿದು, ತಡೆದುಕೊಂಡು, ಲೋಕಲ್‌ನಲ್ಲಿ ನಿಂತೇ ಬಂದರು. ಸೋನೋಗ್ರಫಿಗೆ ಹೊಟ್ಟೆ ತುಂಬ ನೀರಿರಬೇಕು ಎಂದು ಚಾಳಿನ ನೆರೆಮನೆಯವರು ಹೇಳಿದ್ದರಂತೆ.

ನಮ್ಮ ಮುಂಚೆ ವಿಜಯಪುರ ಕಡೆಯ ಹೆಂಗಸೊಬ್ಬಳು ಒಳಗಿದ್ದಳು. ಬಿಲ್ಡಿಂಗ್ ಕೆಲಸದವಳು. ಬೈಗುಳ ಜೋರಾಗಿಯೇ ಶುರುವಾಗಿತ್ತು, ನಡುವೆ ನಿಂತಿತು. ಬಾಗಿಲು ತೆರೆದು ಡಾಕ್ಟರ್‌ಬಾಯಿಯೇ ಅವಳ ತೋಳು ಹಿಡಿದು ಕರೆತಂದರು.

“ಇಲ್ಲಿ ಕೂಡ್ರೀ, ಅವ್ವಾರ. ಚಾ ಕುಡೀತೀರೇನು?”

ಆಕೆಗೆ ಹಿಗ್ಗೋ ಹಿಗ್ಗು. “ಭಾಳ ಮರ್ಯಾದಿ ಕೊಡ್ತಾರ ನೋಡ್ರಿ,” ಎಂದು ನಮಗೆ ಹೇಳಿದಳು. ಬೆಂಚಿನ ಮೇಲಿದ್ದ ಹಳೆಯ ಗಿರಾಕಿಗಳು ನೆಲ ನೋಡಿದರು. ಪಕ್ಕದಲ್ಲಿದ್ದವಳು ನನ್ನ ಕಿವಿಯಲ್ಲಿ ಹೇಳಿದಳು: “ಬಾಯಿ ರೀ ಹಚ್ಚಿದ್ರು ಅಂದ್ರ ಮುಂದ ಪರೇಲ್.” ಪರೇಲ್ ಎಂದರೆ ಕ್ಯಾನ್ಸರ್ ಆಸ್ಪತ್ರೆ. ಮುಂಬಯಿಯಲ್ಲಿ ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ವೈನಿಯ ಸರದಿ ಬಂತು. ನಾನೂ ಜೊತೆಗೆ ಒಳಗೆ ಹೋದೆ.

“ನೀರು ಕುಡದು ಬಾ ಅಂತ ಯಾವ ಪಂಡಿತ ಹೇಳಿದ? ಇದು ಒಳಗಿಂದ ನೋಡೂದು. ಹೋಗು, ಮೊದಲು ಖಾಲಿ ಮಾಡ್ಕೊಂಡು ಬಾ.”

ವೈನಿಯ ಮುಖದಲ್ಲಿ ಜೀವ ಬಂತು, ಬಯ್ಯುತ್ತಿದ್ದಾರಲ್ಲ. ಡಾಕ್ಟರ್‌ಬಾಯಿ ಪರದೆಯ ಮೇಲೆ ಸಣ್ಣ ಕಪ್ಪು ಗುಂಡುಗಳನ್ನು ತೋರಿಸಿದರು. “ನೀರಗುಳ್ಳಿ. ಹಡದ ಹೆಂಗಸರಿಗೆ ಆಗತಾವ, ಇರತಾವ. ಮಾರಿ ಮ್ಯಾಲ ಮೊಡವಿ ಎದ್ರ ತಲಿ ತಗಸ್ತೀ ಏನ?” ಆದರೂ ಕ್ಯಾನ್ಸರಿನ ಸ್ಮಿಯರ್ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿದರು. “ಇದು ಬರೇ ಫೋಟೋ. ಫೋಟೋ ನೋಡಿ ಯಾರೂ ಲಗ್ನ ಮಾಡ್ಕೋಳೂದಿಲ್ಲ.”

ಆಮೇಲೆ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅಣ್ಣನನ್ನು ಒಳಗೆ ಕರೆದರು.

“ತಾರೀಖು ಯಾರು ಕೊಟ್ರು?”

“ನಮ್ಮ ಫ್ಯಾಮಿಲಿ ಡಾಕ್ಟರ್ರು, ಮ್ಯಾಡಮ್.”

“ಅವನ ಚೀಲ ತುಂಬಸಾಕ ನಿನ್ನ ಹೆಂಡ್ತಿ ಚೀಲ ಬೇಕೇನು?”

ಸ್ಮಿಯರ್‌ನಲ್ಲೂ ಏನೂ ಬರಲಿಲ್ಲ. ಆಪರೇಷನ್ ರದ್ದಾಯಿತು. ಅಣ್ಣ ಮಾತ್ರ ಬಹಳ ದಿನ ಆ ಬೈಗುಳದ ಬಗ್ಗೆಯೇ ಮಾತಾಡಿದ, ಕತ್ತರಿಯಿಂದ ಪಾರಾದ ಹೆಂಡತಿಯ ಬಗ್ಗೆ ಅಲ್ಲ.

ಮುಂದೆ ಕೆಲವು ವರ್ಷಕ್ಕೆ, ಮುಟ್ಟು ನಿಂತ ಮೇಲೆ ನನಗೆ ಮತ್ತೆ ರಕ್ತ ಕಾಣಿಸಿಕೊಂಡಿತು. ಭಾಂಡುಪ್‌ಗೆ ಹೋದೆ.

“ಪೇಪರ್‌ನ್ಯಾಗ ಊರ ಮಂದಿ ಸುದ್ದಿ ತಿದ್ದಾಕಿ. ನಿನ್ನ ಮೈ ಸುದ್ದಿ ಇಷ್ಟು ತಡಾ ಗೊತ್ತಾತೇನ?” ಎನ್ನುತ್ತಲೇ ಪರೀಕ್ಷೆ ಶುರು ಮಾಡಿದರು. ನಾನು ಫ್ಯಾನ್ ನೋಡುತ್ತ ಮಲಗಿದ್ದೆ. ಬೈಗುಳ ನಿಂತಿತು. ಕೆಳಗಿನ ಬಾಣಲೆಯ ಸದ್ದು ಕೇಳತೊಡಗಿತು.

“ಸ್ವಲ್ಪ ಈ ಕಡೆ ಹೊರಳ್ರಿ.”

“ಬೈರಿ, ಡಾಕ್ಟರ್‌ಬಾಯಿ,” ಎಂದೆ.

“ಬೈಯೂದು ಆಮ್ಯಾಲೆ. ಮೊದಲ ಇಲ್ಲಿ ನೋಡ್ರಿ.” ಪರದೆ ನನ್ನತ್ತ ತಿರುಗಿಸಿದರು. ಚೀಲದ ಬಾಯಿಯ ಗೋಡೆಯೊಳಗೆ ಒಂದು ಕಪ್ಪು ಮಚ್ಚೆ. ಅದರ ಅಂಚು ಎಲ್ಲಿ ಮುಗಿಯುತ್ತದೆಂದು ಬೆರಳಿಟ್ಟು ತೋರಿಸಿದರು. “ಗ್ವಾಡಿ ದಾಟಿಲ್ಲ. ಮಗ್ಗಲ ಮನಿಗೆ ಹೋಗಿಲ್ಲ. ಚೂರು ತಗದು ಪರೀಕ್ಷಾ ಮಾಡಿದ ಮ್ಯಾಲ ಖಾತ್ರಿ ಆಗತದ. ನಾಳೆ ಅನಬ್ಯಾಡ್ರಿ.”

ಪರೀಕ್ಷೆಯಲ್ಲಿ ಖಾತ್ರಿಯಾಯಿತು. ಪರೇಲ್‌ನಲ್ಲಿ ನನ್ನ ಆಪರೇಷನ್ ಆಯಿತು. ಆರೈಕೆಗೆ ವೈನಿಯೇ ಬಂದು ನಿಂತರು. ಸುದ್ದಿ ತಿಳಿದ ಫ್ಯಾಮಿಲಿ ಡಾಕ್ಟರು, ‘ನಿಮ್ಮ ಮನೆಗೆ ನಾನು ಅಂದೇ ಹೇಳಿದ್ದೆನಲ್ಲ’ ಎಂದರಂತೆ. ಅವರ ಲೆಕ್ಕದಲ್ಲಿ ರೋಗ ಸರಿಯಿತ್ತು, ಹೆಂಗಸು ಮಾತ್ರ ತಪ್ಪಾಗಿದ್ದಳು.

ವರ್ಷದ ಮೇಲೆ ತಪಾಸಣೆಗೆ ಹೋದಾಗ ಡಾಕ್ಟರ್‌ಬಾಯಿ ಬಡಕಲಾಗಿದ್ದರು. ಬಹಳ ಹೊತ್ತು ಪರದೆ ನೋಡಿದರು. ನಾನು ಕಿವಿಯಾಗಿ ಮಲಗಿದ್ದೆ.

“ಎಷ್ಟು ದಪ್ಪ ಆಗೀ. ಕೆಳಗಿನ ಗಾಠಿಯಾ ಎಲ್ಲಾ ನೀನ ತಿಂತೀ ಏನ? ಏಳು, ಮನಿಗೆ ನಡಿ.”

ಮೆಟ್ಟಿಲಿಳಿದು ಅರ್ಧ ಕಿಲೋ ಗಾಠಿಯಾ ಕೊಂಡೆ.

ಆ ಮಳೆಗಾಲದಲ್ಲಿ ಅವರು ತೀರಿಕೊಂಡರು. ಈಗ ಅಲ್ಲಿ ಒಬ್ಬ ಎಳೆಯ ಡಾಕ್ಟರ್ ಇದ್ದಾನೆ. ಮಷೀನು ಹೊಸದು, ಏಸಿ ಇದೆ. ಒಳಗೆ ಬಂದವರಿಗೆಲ್ಲ ‘ಮ್ಯಾಮ್, ಪ್ಲೀಸ್’ ಎನ್ನುತ್ತಾನೆ. ಕಟ್ಟಡದ ಕೆಲಸದವಳಿಗೂ ನನಗೂ, ನೀರಗುಳ್ಳಿಗೂ ಕಪ್ಪು ಮಚ್ಚೆಗೂ ಒಂದೇ ಮರ್ಯಾದೆ. ರಿಪೋರ್ಟ್ ಕೈಗೆ ಬರುವವರೆಗೆ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಆ ಮರ್ಯಾದೆಯಿಂದ ಏನೂ ತಿಳಿಯುವುದಿಲ್ಲ.