ಈರಮ್ಮನ ಬಂಡೆಯ ಕೆಂಪು ಗಿಡ

ಬುಕ್ಕಸಾಗರದಲ್ಲಿ ಬಸ್ಸಿಳಿದವನು ನೇರ ಈರಮ್ಮನವರ ಗದ್ದೆಗೆ ನಡೆದೆ. ಹೋದ ವರ್ಷ ಅಲ್ಲಿ ಬಂಡೆಯ ಬುಡದಲ್ಲಿ, ನೀರು ಜಿನುಗುವ ಕಡೆ, ಹುಳು ಹಿಡಿದು ತಿನ್ನುವ ಪುಟ್ಟ ಕೆಂಪು ಗಿಡಗಳು ಚಾಪೆಯಗಲ ಹಬ್ಬಿದ್ದವು. ಇಂಥವು ಪ್ರಪಂಚದಲ್ಲೆಲ್ಲ ಕಣ್ಮರೆಯಾಗುತ್ತಿವೆ, ಜೋಪಾನ ಮಾಡಿ ಎಂದು ಅವರಿಗೆ ಹೇಳಿ ಹೋಗಿದ್ದೆ. ಈಗ ಅಲ್ಲಿ ಬರೀ ಹುಲ್ಲು.

“ಭಾಳ ಜ್ವಾಪಾನ ಮಾಡೀನ್ರಿ,” ಎಂದರು ಈರಮ್ಮ. “ಭತ್ತಕ್ಕ ಹಾಕಿದಂಗ ಅದಕ್ಕೂ ಎರಡು ಸಲ ಯೂರಿಯಾ ಹಾಕೀನಿ.”

ಬಡ ಮಣ್ಣಿನಲ್ಲಷ್ಟೇ ಬದುಕುವ ಗಿಡವದು; ಗೊಬ್ಬರ ಬಿದ್ದರೆ ಸಾಯುತ್ತದೆ. ದೊಡ್ಡದಾಗಿ ಉಪದೇಶ ಮಾಡಿದ ನಾನು ಅದೊಂದನ್ನೇ ಹೇಳಿರಲಿಲ್ಲ.

ಬಂಡೆಯ ಮೇಲಿನ ಬಿರುಕಿನಲ್ಲಿ ಮೂರು ಗಿಡ ಉಳಿದಿದ್ದವು. “ಇವಕ್ಕೆ ಮಾತ್ರ ಏನೂ ಮಾಡಬೇಡಿ,” ಎಂದೆ.

ಈರಮ್ಮ ಕುಡುಗೋಲು ಕೆಳಗಿಟ್ಟು ನನ್ನನ್ನೇ ನೋಡಿದರು.

“ಏನೂ ಮಾಡಲಾರ್ದ ಜ್ವಾಪಾನ ಮಾಡೋದು ಹೆಂಗ್ರಿ?”