ಪುರಾಣದ ಅಂಚಿನಲ್ಲಿ ಅಜ್ಜಿ ಬರೆದದ್ದು

ಮೂಡಲಗಿಯ ನಮ್ಮ ಮನೆಯಲ್ಲಿ ಶ್ರಾವಣದ ಮಧ್ಯಾಹ್ನ ಪುರಾಣ ಓದುವುದು ಸೊಸೆಯ ಕೆಲಸ. ಸಂಧಿ ಶುರುವಾದರೆ ಮುಗಿಯುವವರೆಗೆ ಕೇಳುವವರು ಏಳುವಂತಿಲ್ಲ, ಮಾತಾಡುವಂತಿಲ್ಲ. ಪುಸ್ತಕ ಮಾವನವರ ಅಜ್ಜಿಯದು, ತವರಿನವರು ಕೊಟ್ಟದ್ದು. ದಿನದ ಓದು ನಿಲ್ಲಿಸಿದ ಕಡೆ ಆ ಅಜ್ಜಿ ನೇರಳೆ ಪೆನ್ಸಿಲಿನಿಂದ ಅಂಚಿನಲ್ಲಿ ಬರೆದಿಡುತ್ತಿದ್ದರು. ಅಕ್ಷರ ಸಾಸಿವೆಯಷ್ಟು, ಕೆಲವು ಕಡೆ ಒತ್ತಿದ್ದಕ್ಕೆ ಕಾಗದ ತೂತಾಗಿದೆ. ಮಾವನವರು ಕೇಳಿದವರೇ ಹೊರತು ಅದನ್ನು ತೆರೆದು ನೋಡಿದವರಲ್ಲ. ನಾನು ನೋಡಿದ್ದೆ, ಬಾಯಿ ಬಿಟ್ಟಿರಲಿಲ್ಲ.

ಆ ಶ್ರಾವಣದಲ್ಲಿ ನಾದಿನಿ ಬೆಲ್ಲದ ಬಾಗೇವಾಡಿಯ ಗಂಡನ ಮನೆಯಿಂದ ಓಡಿಬಂದಿದ್ದಳು. ಗಂಡ ಅವಳ ಮುಖವನ್ನು ಬಾಗಿಲ ಚಿಲಕಕ್ಕೆ ಅಪ್ಪಳಿಸಿದ್ದ. ಗೋಕಾಕದಲ್ಲಿ ಹುಬ್ಬಿಗೆ ಆರು ಹೊಲಿಗೆ ಹಾಕಿದ್ದರು. ಕಪ್ಪು ದಾರದ ತುದಿ ರೆಪ್ಪೆಗೆ ತಾಗುತ್ತಿತ್ತು. ನಾಲ್ಕನೇ ದಿನ ಅವನು ಕರೆದೊಯ್ಯಲು ಬಂದ.

“ನಮ್ಮಜ್ಜಿ ಒಂದಿನಾ ಎದುರ ಮಾತಾಡ್ಲಿಲ್ಲ. ಬಾಳೇವು ಅಂದ್ರ ಹಂಗವ್ವಾ,” ಎಂದರು ಮಾವನವರು ಮಗಳಿಗೆ. “ಪುರಾಣ ಮುಗದಿಂದ ಹೊಂಡ್ರಿ.”

“ಈ ಸಲ ಹ್ವಾದ್ರ ನನ್ನ ಹೆಣಾನ ತರ್ತೀರಿ ಅಪ್ಪಾ.”

ಅಳಿಯ ನಕ್ಕ. “ನೋಡ್ರಿ ಮಾವಾರ, ಈಕೀನ ನಾಟಕದ ಕಂಪನಿಗೆ ಕೊಡಬೇಕಿತ್ತು ನೀವು.”

ನಾನು ಸಂಧಿ ಶುರುಮಾಡಿದೆ. ಎರಡು ಪದ್ಯ ಓದಿ, ಅದೇ ರಾಗದಲ್ಲಿ ಅಂಚಿಗಿಳಿದೆ. ‘ಇಂದು ಇಲ್ಲಿಗೆ ಸಾಕು. ಇವರು ಒನಕೆಯಿಂದ ಹೊಡೆದರು. ಬಲಗೈ ಏಳುವುದಿಲ್ಲ, ಎಡಗೈಯಿಂದ ಬರೆದೆ.’ ಹಾಳೆ ತಿರುವಿದೆ. ‘ಕೂದಲು ಹಿಡಿದು ಬಾವಿಯವರೆಗೆ ಎಳೆದರು. ಬಸಿರು ಹೋಯಿತು. ಮೂರು ದಿನ ಓದಲಿಲ್ಲ.’

ಮಾವನವರು ಸಂಧಿಯ ನಡುವೆ ಏಳುವಂತಿರಲಿಲ್ಲ, ಕೂತೇ ಇದ್ದರು.

ಅಳಿಯ ಎದ್ದ. “ಏನ್ ಓದಾಕತ್ತೀರಿ ವೈನಿ?” ಎಂದು ಪುಸ್ತಕ ಕಸಿದು ಗೋಡೆಗೆ ಎಸೆದ. ರಟ್ಟು ಕಿತ್ತುಬಂತು. ಮಾವನವರು ಅವನ ಕೊರಳಪಟ್ಟಿ ಹಿಡಿದು ತಾಮ್ರದ ತಂಬಿಗೆಯಿಂದ ಬಾಯಿಗೆ ಬಾರಿಸಿದರು. ಎರಡನೇ ಏಟಿಗೆ ಹಲ್ಲೊಂದು ಚಾಪೆಯ ಮೇಲೆ ಬಿತ್ತು. ಬೇರಿಗೆ ಒಸಡಿನ ಚೂರು ಅಂಟಿತ್ತು. ಮೂರನೆಯದಕ್ಕೆ ಅತ್ತೆ ಕೈ ಹಿಡಿದರು.

“ಸಾಕ್ರಿ. ಸಾಯ್ತಾನ.”

ಮಗಳಿಗಾಗಿ ಹೊಡೆದರೋ, ಪುರಾಣ ಎಸೆದದ್ದಕ್ಕೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಬಂದಿಲ್ಲ.

ಅವನು ಟವೆಲಿನಿಂದ ಬಾಯಿ ಒತ್ತಿಕೊಂಡು ಹುಕ್ಕೇರಿ ಬಸ್ಸಿಗೆ ಒಬ್ಬನೇ ಹೋದ. ನಾದಿನಿ ರಕ್ತವಾದ ಚಾಪೆ ಎತ್ತಿಕೊಂಡಳು. ನಾನು ತೊಳೆಯುತ್ತೇನೆಂದು ಕೈಚಾಚಿದೆ.

“ಬಿಡ್ರಿ ವೈನಿ,” ಎಂದಳು. “ಇನ್ನ ಇಲ್ಲೇ ಇರಾಕಿ ನಾ. ಕೆಲಸಾ ಹಂಚಕೊಳ್ಳೂನು.”